ಕೇಬಲ್ ಮಹದೇವು ಕತ್ತರಿಸಿದ ವಿಡಿಯೊ

ನಿಡಘಟ್ಟದ ಮಹದೇವುವಿನ ಹೆಸರಿಗೆ ಕೇಬಲ್ ಎಂಬುದು ಅಂಟಿಕೊಂಡು ಇಪ್ಪತ್ತೈದು ವರ್ಷವಾಗಿತ್ತು. ಮದ್ದೂರಿನ ಟಿವಿ ರಿಪೇರಿ ಅಂಗಡಿಯೊಂದರಲ್ಲಿ ನಾಲ್ಕು ವರ್ಷ ಕೆಲಸ ಕಲಿತು ಊರಿಗೆ ಬಂದವನು, ದೊಡ್ಡದೊಂದು ಡಿಶ್ ಛತ್ರಿ ನಿಲ್ಲಿಸಿ ಮನೆಮನೆಗೆ ವೈರು ಎಳೆಯುತ್ತೇನೆ ಎಂದಾಗ ಆ ಛತ್ರಿಗೆ ಜಾಗ ಕೊಡುವವರೇ ಇರಲಿಲ್ಲ. ಸಿಡಿಲು ಬಡಿಯುತ್ತದೆ ಎಂದರು ಕೆಲವರು. ಮನೆ ಹೆಂಗಸರು ಕೆಲಸ ಬಿಟ್ಟು ಕೂತುಬಿಡುತ್ತಾರೆ ಎಂದರು ಇನ್ನು ಕೆಲವರು. ಕೊನೆಗೆ ಒಪ್ಪಿದವಳು ಹೊಂಬಾಳಮ್ಮ. ಆಗವಳಿಗೆ ನಲವತ್ತೈದರ ಆಸುಪಾಸು. ಗಂಡ ತೀರಿಕೊಂಡು ಎರಡು ವರ್ಷವಾಗಿತ್ತು, ಕಬ್ಬಿನ ಗದ್ದೆಗೆ ತಾನೇ ನೀರು ಕಟ್ಟುತ್ತಿದ್ದಳು.

"ನಮ್ ತಾರ್ಸಿ ಮ್ಯಾಲೆ ಇಕ್ಕೋ ಓಗ್ಲಾ. ಸಿಡ್ಲು ಬೀಳದಾದ್ರೆ ನಿನ್ ಛತ್ರಿ ಕೇಳ್ಕಂಡು ಬಿದ್ದದಾ?" ಎಂದಿದ್ದಳು. ಮೆಟ್ಟಿಲ ಕೆಳಗಿನ ಸಣ್ಣ ಕೋಣೆಯಲ್ಲಿದ್ದ ಸೌದೆ ತೆಗೆಸಿ, ಮಿಷನ್ನುಗಳನ್ನು ಇಟ್ಟುಕೊಳ್ಳಲು ಅದನ್ನೂ ಬಿಟ್ಟುಕೊಟ್ಟಳು. ಅಂದಿನಿಂದ ಮಹದೇವು ಅವಳನ್ನು ದೊಡ್ಡವ್ವ ಎಂದೇ ಕರೆಯುತ್ತಿದ್ದ. ಮಿಷನ್ನು ನೋಡಲು ಬಂದವನು ಹಾಗೇ ಅವರ ಮನೆಯಲ್ಲಿ ಮುದ್ದೆ ಉಂಡು ಹೋದ ದಿನಗಳಿಗೆ ಲೆಕ್ಕವಿಲ್ಲ.

ಆ ಕಾಲದಲ್ಲಿ ಊರಿಗೆಲ್ಲ ಅವನು ಬೇಕಾದವನು. ಸಂಜೆ ಏಳಕ್ಕೆ ಧಾರಾವಾಹಿ ಶುರುವಾಗುವ ಹೊತ್ತಿಗೆ ಚಿತ್ರ ಹೋಯಿತೆಂದರೆ ಬೀದಿಯ ಈ ತುದಿಯಿಂದ ಆ ತುದಿಯವರೆಗೂ ಅವನದೇ ಹೆಸರು. ಕಟಿಂಗ್ ಪ್ಲೇಯರ್ ಸೊಂಟಕ್ಕೆ ಸಿಕ್ಕಿಸಿಕೊಂಡು ಕಂಬ ಹತ್ತುವನು. ಚಿತ್ರ ಮರಳಿದಾಗ "ಬಂತು, ಬಂತು" ಎಂಬ ಕೂಗು ಮನೆಯಿಂದ ಮನೆಗೆ ದಾಟುತ್ತಿತ್ತು. ಹೊಂಬಾಳಮ್ಮನ ನಡುಮನೆಯಲ್ಲಿ ಹದಿನೈದಿಪ್ಪತ್ತು ಹೆಂಗಸರು ಅವರೆಕಾಯಿ ಬಿಡಿಸುತ್ತ, ಪರದೆಯ ಮೇಲಿನ ಅತ್ತೆಯನ್ನು ಬಯ್ಯುತ್ತ ಕೂತಿರುತ್ತಿದ್ದರು. ಕಂಬದ ಮೇಲೆ ಕೂತು ಆ ಸದ್ದು ಕೇಳಿಸಿಕೊಳ್ಳುವುದು ಮಹದೇವುವಿಗೆ ಬಲು ಇಷ್ಟ.

ಅದು ಯಾವಾಗ ನಿಂತಿತು ಎಂದು ಕೇಳಿದರೆ ಹೇಳಲು ಅವನಿಗೂ ಬಾರದು. ಮೊದಲು ಹುಡುಗರು ಮೊಬೈಲಿಗೆ ಹೋದರು. ಆಮೇಲೆ ಕೊರೊನಾ ಬಂದು ಶಾಲೆಯೇ ಮೊಬೈಲಿನೊಳಗೆ ಬಂತು. ಮಕ್ಕಳಿಗೆಂದು ತಂದದ್ದು ತಾಯಂದಿರ ಕೈಗೆ ಹೋಯಿತು. ಒಂದೊಂದೇ ಮನೆಯವರು ಟಿವಿ ಪೆಟ್ಟಿಗೆಯ ಜೊತೆಗಿದ್ದ ಬಾಕ್ಸನ್ನು ಬಿಚ್ಚಿ ಅವನ ಕೈಗಿಟ್ಟರು. "ಬೇಜಾರ್ ಮಾಡ್ಕಬ್ಯಾಡ ಮಾದೇವಣ್ಣ, ಎಲ್ಲ ಮೊಬೈಲಲ್ಲೇ ಬತ್ತದೆ" ಎನ್ನುವರು. ಬದುಕಬೇಕಲ್ಲ, ಅವನೂ ಅದೇ ಕಂಬಗಳ ಮೇಲೆ ಇಂಟರ್ನೆಟ್ಟಿನ ವೈರು ಎಳೆದು ಮನೆಮನೆಗೆ ವೈಫೈ ಕೊಡತೊಡಗಿದ. ತನ್ನ ಟಿವಿಯನ್ನು ತಾನೇ ಕೊಂದಂತಾಯಿತು ಎಂದು ಹೆಂಡತಿ ಶಶಿರೇಖಾಳ ಹತ್ತಿರ ಹೇಳಿ ನಕ್ಕಿದ್ದ.

ವೈಫೈ ಹಾಕಲು ಒಳಗೆ ಹೋದರೆ ಕಾಣುತ್ತಿದ್ದುದು ಎಲ್ಲ ಮನೆಯಲ್ಲೂ ಒಂದೇ. ಸಾಂಬಾರ ಪುಡಿಯ ಡಬ್ಬಕ್ಕೆ ಮೊಬೈಲು ಒರಗಿಸಿಕೊಂಡು ಒಗ್ಗರಣೆ ಹಾಕುವ ಹೆಂಗಸು. ಮಂಚದ ಮೇಲೆ ಮಲಗಿ ಕ್ರಿಕೆಟ್ ನೋಡುವ ಗಂಡಸು. ಮೊಬೈಲು ಹಿಡಿದು ಬಾಗಿಲ ಹಿಂದೊಂದು ಮಗು, ಮೆಟ್ಟಿಲ ಮೇಲೊಂದು. ಏಳು ಗಂಟೆಗೆ ಕಾಯುವವರು ಯಾರೂ ಇಲ್ಲ, ಯಾವಾಗ ಬೇಕಾದರೂ ನೋಡಬಹುದು. ವೈಫೈ ನಿಂತರೂ ಅವನ ಹೆಸರು ಹಿಡಿದು ಕೂಗುವವರಿಲ್ಲ. ಒಂದು ಮೆಸೇಜು ಹಾಕಿ ಸಿಮ್ಮಿನ ಡೇಟಾದಲ್ಲಿ ಮುಂದುವರಿಸುತ್ತಿದ್ದರು. ಅವನು ಬಂದು ಸರಿ ಮಾಡಿ ಹೋದರೂ ತಲೆ ಎತ್ತಿ ನೋಡುವವರು ಕಡಿಮೆ.

ಹೀಗಿರುವಾಗ ಅವನಿಗೂ ಮೊಬೈಲಿನ ಚಟ ಹತ್ತಿತು. ಕಂಬ ಹತ್ತುವುದು, ವೈರಿಗೆ ಜಾಯಿಂಟ್ ಹಾಕುವುದು, ಇವನ್ನೇ ವಿಡಿಯೊ ಮಾಡಿ ಹಾಕತೊಡಗಿದ. ಮೂವತ್ತು ಜನ, ನಲವತ್ತು ಜನ ನೋಡುವರು. ಊಟದ ನಡುವೆ ನಾಲ್ಕು ಸಲ ಮೊಬೈಲು ತೆಗೆದು ಆ ಸಂಖ್ಯೆ ಏರಿತೇ ಎಂದು ನೋಡುವನು. ಮದ್ದೂರಿನ ಪಿಯು ಕಾಲೇಜಿಗೆ ಹೋಗುತ್ತಿದ್ದ ಮಗಳು ದೀಪಿಕ, "ಯಾರ್ ನೋಡ್ತಾರಪ್ಪ ಇದ್ನ?" ಎಂದು ಕೇಳಿದ್ದಳು.

ಹೋದ ವರ್ಷದ ಅವರೆಕಾಯಿ ಕಾಲ. ಹೊಂಬಾಳಮ್ಮನ ಬೀದಿಯ ಟಿವಿ ವೈರನ್ನು ಕೋತಿಗಳು ಕಿತ್ತವು. ಆ ಬೀದಿಯಲ್ಲಿ ಟಿವಿ ಉಳಿಸಿಕೊಂಡಿದ್ದವಳು ಅವಳೊಬ್ಬಳೇ. ಒಂದು ಮನೆಗಾಗಿ ಯಾರು ಏಣಿ ಹೊರುತ್ತಾರೆ ಎಂದು ಮಹದೇವು ಮೂರು ದಿನ ತಳ್ಳಿದ. ನಾಲ್ಕನೆಯ ದಿನ ಕಂಬದ ಬುಡದಲ್ಲಿ ಕೂತು ವೈರು ಸುಲಿಯುತ್ತಿದ್ದಾಗ, ಎಂದಿನಂತೆ ಮೊಬೈಲನ್ನು ಸ್ಕೂಟರಿನ ಮೇಲೆ ನಿಲ್ಲಿಸಿ ವಿಡಿಯೊ ಆನ್ ಮಾಡಿದ್ದ. ಹೊಂಬಾಳಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದಳು.

"ಲೋ ಮಾದೇವು, ಮೂರು ದಿನಾಯ್ತು ಕಣ್ಲಾ ನನ್ ಟಿವಿ ಕಣ್ಮುಚ್ಚಿ. ಆ ಅತ್ತೆ ಅನ್ನಿಸ್ಕಂಡೋಳು ಆಲ್ಗೆ ಅದೇನೋ ಬೆರಸ್ಬುಟ್ಟು ಸೊಸೆ ಕೈಗೆ ಕೊಟ್ಟವ್ಳೆ. ಅಷ್ಟೊತ್ಗೆ ಸರ್ಯಾಗಿ ನಿನ್ ವೈರು ಕಿತ್ತೋಯ್ತು. ಕುಡುದ್ಲೋ ಬುಟ್ಲೋ ಒಂದೂ ಗೊತ್ತಿಲ್ಲ. ಮುದ್ದೆ ಗಂಟ್ಲಲ್ಲಿ ಇಳೀತಿಲ್ಲ ನಂಗೆ. ಆ ಎಣ್ಣು ಸತ್ರೆ ನೀನೋಗಿ ಮಣ್ಣಾಕ್ಬುಟ್ಟು ಬತ್ತೀಯೇನ್ಲಾ?"

"ಕೋತಿ ಕಿತ್ತಾಕವೆ ದೊಡ್ಡವ್ವ, ನಾನೇನ್ ಮಾಡ್ಲಿ?"

"ಕೋತಿ ಕಿತ್ತಿದ್ದು ಒಂದಿನ ಕಣ್ಲಾ. ಮಿಕ್ಕೆರಡು ದಿನ ನೀನೇ ಕೋತಿ."

ಮಹದೇವುವಿಗೆ ನಗು ತಡೆಯಲಾಗಲಿಲ್ಲ. ಅವಳು ನಗಲಿಲ್ಲ. ಕಂಬಕ್ಕೆ ಕೈಯೂರಿ ನಿಂತು, ದನಿ ತಗ್ಗಿಸಿ ಇನ್ನೊಂದಿಷ್ಟು ಮಾತಾಡಿದಳು.

"ಮನೇಲಿ ನಾಕು ಜನ ಅವ್ರೆ ಕಣ್ಲಾ. ನಾಕು ಜನಾನೂ ಕಿವೀಗೆ ಅದೇನೋ ಸಿಗಾಕ್ಕಂಡವ್ರೆ. ಸಾರ್ಗೆ ಉಪ್ಪು ಸಾಕಾ ಅಂತ ಕೇಳುದ್ರೂ ತಲೆ ಎತ್ತಕಿಲ್ಲ. ಆ ಟಿವಿ ಎಣ್ಣೊಂದೇ ಕಣಪ್ಪ, ದಿನಕ್ಕೊಂದು ಗಳ್ಗೆ ನನ್ ಮಕ ನೋಡ್ಕಂಡು ಮಾತಾಡದು. ಅದುನ್ನೂ ಕಿತ್ಕಬ್ಯಾಡ."

ಕಣ್ಣೊರೆಸಿಕೊಂಡು ಹೋದಳು. ಅರ್ಧ ಗಂಟೆಯಲ್ಲಿ ಮಹದೇವು ವೈರು ಸರಿ ಮಾಡಿದ.

ಮಾರನೆಯ ದಿನ ಮದ್ದೂರಿನಲ್ಲಿ ಮೊಬೈಲ್ ಅಂಗಡಿ ಇಟ್ಟಿದ್ದ ಗೆಳೆಯ ವಾಜಿದನಿಗೆ ಬೈಗುಳದ ಭಾಗ ತೋರಿಸಿದ. ವಾಜಿದ್ ಬಿದ್ದು ಬಿದ್ದು ನಕ್ಕು, "ಇದ್ನ ಹಾಕು ಮಾದೇವಣ್ಣ. ಆದ್ರೆ ನಗು ಎಲ್ಲಿ ನಿಲ್ತದೋ ಅಲ್ಲಿಗೇ ಕತ್ತರಿಸ್ಬುಡು, ಮುಂದಕ್ಕೆ ಬಿಡ್ಬಾರ್ದು" ಎಂದ. ಕತ್ತರಿಸುವುದು ಹೇಗೆಂದು ತೋರಿಸಿಯೂ ಕೊಟ್ಟ. ಮಹದೇವು ಅಂಗಡಿಯ ಮುಂದಿನ ಬೆಂಚಿನಲ್ಲಿ ಕೂತು ಮುಂದಿನದನ್ನು ಒಬ್ಬನೇ ಇನ್ನೊಮ್ಮೆ ನೋಡಿದ. ದನಿ ತಗ್ಗುವ ಕಡೆ ಬೆರಳಿಟ್ಟು, ಅಲ್ಲಿಂದಾಚೆಯದನ್ನು ಕತ್ತರಿಸಿ, ಉಳಿದದ್ದನ್ನು ನೆಟ್ಟಿಗೆ ಏರಿಸಿದ. ಆ ಹೊತ್ತಿನಲ್ಲಿ ಅದು ತಪ್ಪೆಂದು ಅವನಿಗೆ ಅನ್ನಿಸಲೇ ಇಲ್ಲ.

ಮೂರು ದಿನದಲ್ಲಿ ಅದು ಊರು ಬಿಟ್ಟು ಹೋಯಿತು. ಮಂಡ್ಯದಲ್ಲಿ ಯಾರೋ ಅದಕ್ಕೆ ತಮಟೆ ಸದ್ದು ಸೇರಿಸಿದರು. ಮಳವಳ್ಳಿಯ ಹುಡುಗಿಯರಿಬ್ಬರು ಹಾಲಿನ ಲೋಟ ಹಿಡಿದು ಹೊಂಬಾಳಮ್ಮನ ದನಿಗೆ ತುಟಿ ಆಡಿಸಿದರು. ಬಸ್ಸಿನಲ್ಲಿ ಟಿಕೆಟ್ ತೆಗೆದುಕೊಳ್ಳಲು ತಡ ಮಾಡಿದವರಿಗೆ ಕಂಡಕ್ಟರ್ "ಕುಡುದ್ಲೋ ಬುಟ್ಲೋ ಬೇಗ ಯೋಳಿ" ಎನ್ನುತ್ತಿದ್ದನಂತೆ. ಲಕ್ಷದ ಮೇಲೆ ಜನ ನೋಡಿದರು. ಮದ್ದೂರಿನ ಟೀ ಅಂಗಡಿಯಲ್ಲಿ ಒಬ್ಬ, "ಅಜ್ಜಿ ಕೈಲಿ ಬೈಸ್ಕಂಡೋನು ನೀನೇ ಅಲ್ವಾ?" ಎಂದು ಗುರುತು ಹಿಡಿದು ಟೀ ಕುಡಿಸಿದ. ಎಷ್ಟೋ ವರ್ಷದ ಮೇಲೆ ಜನ ತನ್ನನ್ನು ಕಂಡು ತಲೆ ಎತ್ತಿದ್ದರು. ಮಹದೇವು ಎದೆ ಸೆಟೆಸಿ ನಿಂತ.

ಹೊಂಬಾಳಮ್ಮನಿಗೆ ಮೊಬೈಲು ಇರಲಿಲ್ಲ. ಅವಳ ಮಗ ಶಿವಣ್ಣ ವಿಡಿಯೊ ನೋಡಿ ನಕ್ಕು ತನ್ನ ಕಚೇರಿಯವರಿಗೆ ಕಳಿಸಿದ್ದ. ಅವ್ವನಿಗೆ ಹೇಳಿರಲಿಲ್ಲ.

ಒಂದು ಭಾನುವಾರ ಮದ್ದೂರಿನ ಛತ್ರದಲ್ಲಿ ಊರಿನವರ ಮಗಳ ಆರತಕ್ಷತೆ. ಶಿವಣ್ಣನ ಮನೆಯವರು ಮುಂಚೆಯೇ ಹೋಗಿದ್ದರಿಂದ ಹೊಂಬಾಳಮ್ಮ ಮಹದೇವುವಿನ ಸ್ಕೂಟರಿನಲ್ಲಿ ಬಂದಳು. ಅವಳು ಒಳಗೆ ಕಾಲಿಡುತ್ತಿದ್ದಂತೆ ಹತ್ತು ಮೊಬೈಲುಗಳು ಮೇಲೆದ್ದವು. "ಅಜ್ಜಿ, ಒಂದ್ಸಲ ಯೋಳಜ್ಜಿ, ಕುಡುದ್ಲೋ ಬುಟ್ಲೋ" ಎಂದು ಸುತ್ತುವರಿದರು. ಅವಳು ಮೊದಮೊದಲು ನಕ್ಕಳು, ಯಾರೋ ಪರಿಚಯದವರಿರಬೇಕೆಂದು ಒಬ್ಬೊಬ್ಬರ ಮುಖ ನೋಡಿದಳು. ಯಾರೂ ಪರಿಚಯದವರಲ್ಲ. ಮಗ ಸೊಸೆ ಅಷ್ಟರಲ್ಲಿ ಊಟಕ್ಕೆ ಕೂತಿದ್ದರು. ಒಬ್ಬ ಬಾದಾಮಿ ಹಾಲಿನ ಲೋಟ ತಂದು ಅವಳ ಬಾಯಿಗೆ ಹಿಡಿದ. ಸುತ್ತ ನಗು. ಅವಳು ಹಿಂದಕ್ಕೆ ಸರಿಯಲು ಹೋದಾಗ ಹಾಲು ಚೆಲ್ಲಿ, ಹಬ್ಬಕ್ಕೆಂದು ತೆಗೆದಿಟ್ಟಿದ್ದ ರೇಷ್ಮೆ ಸೀರೆಯ ಮೇಲೆ ಇಳಿಯಿತು. "ಮಾದೇವು, ಎಲ್ಲಿದ್ದೀಯ್ಲಾ?" ಎಂದು ಕೂಗಿದಳು.

ಮಹದೇವು ಎಂಟು ಹೆಜ್ಜೆ ದೂರದಲ್ಲಿದ್ದ. ಈಗ ಮುಂದೆ ಹೋದರೆ, ಬೈಸಿಕೊಂಡವನು ಇವನೇ ಎಂದು ಎಲ್ಲರೂ ಹಿಡಿದುಕೊಳ್ಳುತ್ತಾರೆ, ಅವಳ ಮುಂದೆಯೇ ಎಲ್ಲ ಬಯಲಾಗುತ್ತದೆ. ಹಾಗೆಂದುಕೊಂಡು ಕಂಬದ ಮರೆಗೆ ಸರಿದು, ಊಟದ ಕಡೆಯ ಬಾಗಿಲಿನಿಂದ ಹೊರಗೆ ಹೋಗಿ ಸ್ಕೂಟರಿನ ಹತ್ತಿರ ನಿಂತುಕೊಂಡ. ಸ್ವಲ್ಪ ಹೊತ್ತಿಗೆ ಅವಳೇ ಹುಡುಕಿಕೊಂಡು ಬಂದಳು. ಉಂಡಿರಲಿಲ್ಲ.

ದಾರಿಯಲ್ಲಿ ಸೋಮನಹಳ್ಳಿ ದಾಟಿದ ಮೇಲೆ ಅವಳು ಹಿಂದಿನಿಂದ ಕೇಳಿದಳು. "ಅದೇನ್ಲಾ ಅದು? ನನ್ ಕಂಡ್ರೆ ಯಾಕಂಗೆ ನಗ್ತಾರೆ? ಮೊನ್ನೆ ರೇಸನ್ ಅಂಗ್ಡೀಲೂ ಇಂಗೇ ಮಾಡುದ್ರು. ನಿಂಗೇನಾರ ಗೊತ್ತಾ?"

"ಗೊತ್ತಿಲ್ಲ ದೊಡ್ಡವ್ವ" ಎಂದ ಮಹದೇವು. ಹೆಲ್ಮೆಟ್ಟಿನೊಳಗೆ ಅವನ ಕಿವಿ ಸುಡುತ್ತಿತ್ತು.

ಆ ದಿನ ಮನೆಯಲ್ಲಿ ಇನ್ನೊಂದು ಕಾದಿತ್ತು. ಕಾಲೇಜಿನ ಫೋಟೊ ಹುಡುಕಲೆಂದು, ಅಪ್ಪ ಚಾರ್ಜಿಗೆ ಹಾಕಿ ಬಿಟ್ಟುಹೋಗಿದ್ದ ಮೊಬೈಲು ತೆಗೆದ ದೀಪಿಕ, ಕತ್ತರಿಸದೆ ಉಳಿದಿದ್ದ ಪೂರ್ತಿ ವಿಡಿಯೊ ನೋಡಿದ್ದಳು. ಅವನು ಬಂದು ಕೂತ ಮೇಲೆ ಮೊಬೈಲು ತಂದು ಮುಂದಿಟ್ಟಳು.

"ಅಪ್ಪ, ಇದ್ನ ಕಟ್ ಮಾಡಿದ್ದು ವಾಜಿದಣ್ಣನಾ?"

"ಅಲ್ಲ."

"ಮತ್ತೆ?"

"ನಾನೇ."

ಅವಳು ಜಗಳವಾಡಲಿಲ್ಲ. "ನಮ್ ಕ್ಲಾಸಲ್ಲಿ ನಮ್ಮಪ್ಪ ತೆಗ್ದಿದ್ದು ಅಂತ ಎಲ್ರಿಗೂ ಯೋಳ್ಕಂಡಿದ್ದೆ" ಎಂದಷ್ಟೇ ಹೇಳಿ ಒಳಗೆ ಹೋದಳು. ಶಶಿರೇಖಾ ತಟ್ಟೆ ತಂದಿಟ್ಟಳು. ಅವನಿಗೆ ಹೆಂಡತಿಯ ಮುಖ ನೋಡಲೂ ಆಗಲಿಲ್ಲ, ತುತ್ತು ಎತ್ತಲೂ ಆಗಲಿಲ್ಲ.

ಬೆಳಿಗ್ಗೆ ಹೊಂಬಾಳಮ್ಮನ ಮನೆಗೆ ಹೋದ. ಅವಳು ಹಿತ್ತಲಲ್ಲಿ ಮೊರ ಹಿಡಿದು ರಾಗಿ ಕೇರುತ್ತಿದ್ದಳು. ಅವನು ಎದುರಿಗೆ ಕುಕ್ಕರುಗಾಲಲ್ಲಿ ಕೂತ. ಬರುವ ದಾರಿಯಲ್ಲಿ ಜೋಡಿಸಿಕೊಂಡಿದ್ದ ಮಾತೆಲ್ಲ ಮರೆತು, "ನಿನ್ನೆ ಸುಳ್ಳೇಳ್ದೆ ದೊಡ್ಡವ್ವ. ಮಾಡ್ದೋನು ನಾನೇ" ಎಂದು ಮೊಬೈಲು ತೆಗೆದು ತೋರಿಸಿದ.

ಅವಳು ಮೊರ ಬದಿಗಿಟ್ಟು, ಕಣ್ಣು ಕಿರಿದು ಮಾಡಿಕೊಂಡು ನೋಡಿದಳು. ಮುಗಿಯಿತು. ಇನ್ನೊಂದು ಸಲ ಹಾಕಿಸಿ ನೋಡಿದಳು.

"ಇಷ್ಟೇಯಾ? ಆಮ್ಯಾಕೆ ಇನ್ನೂ ಏನೋ ಅಂದಿದ್ನಲ್ಲ, ಅದೆಲ್ಲೋಯ್ತು?"

"ತಗ್ದಾಕ್ಬುಟ್ಟೆ."

"ಯಾಕ್ಲಾ?"

ಉದ್ದವಾಗುತ್ತಿತ್ತು ಎನ್ನಬಹುದಿತ್ತು. ಆದರೆ ಇನ್ನೊಂದು ಸುಳ್ಳು ಹೇಳಲು ಅವನಿಂದಾಗಲಿಲ್ಲ. "ಅಲ್ಲಿ ನಗು ಬರಕಿಲ್ಲ ಅಂತ" ಎಂದ.

ಹೊಂಬಾಳಮ್ಮ ಹಿತ್ತಲ ಬಾಗಿಲ ಕಡೆ ತಿರುಗಿ ನೋಡಿದಳು. ಬೈಯಲಿ, ಮೊರ ತೆಗೆದು ಹೊಡೆಯಲಿ ಎಂದು ಮಹದೇವು ಕಾದ. ಅವಳು ಮನೆಯೊಳಗಿನವರಿಗೆ ಕೇಳಿಸದಂತೆ ಮೆಲ್ಲಗೆ ಹೇಳಿದಳು.

"ತಗ್ದಿದ್ದು ಒಳ್ಳೇದೇ ಆಯ್ತು ಬುಡು. ಅದೂ ಇದ್ದಿದ್ರೆ ನನ್ ಮಗ ಸೊಸೆ ಊರಲ್ಲಿ ತಲೆ ಎತ್ಕಂಡು ತಿರ್ಗಕ್ಕಾಯ್ತಿತ್ತಾ?"

"ಅಳಿಸ್ಬುಡ್ತೀನಿ ದೊಡ್ಡವ್ವ, ಈಗ್ಲೇ."

"ಅಳ್ಸುದ್ರೆ ಎಲ್ಲಾರ ಮೊಬೈಲಿಂದ್ಲೂ ಓಯ್ತದಾ?"

"ಇಲ್ಲ."

ಅವಳು ಮೊರ ಎತ್ತಿಕೊಂಡು ಮತ್ತೆ ಕೇರತೊಡಗಿದಳು. ಅವನು ಅಲ್ಲೇ ಅವಳ ಮುಂದೆಯೇ ಅಳಿಸಿದ. ವಾಜಿದನಿಗೂ ಹೇಳಿ ಅವನಲ್ಲಿದ್ದುದನ್ನು ತೆಗೆಸಿದ. ಮಂಡ್ಯದ ತಮಟೆಯದು, ಮಳವಳ್ಳಿಯ ಹುಡುಗಿಯರದು, ಯಾರು ಯಾರದೋ ಹೆಸರಿನವು, ಹಾಗೇ ಉಳಿದವು. ಆ ಪೂರ್ತಿ ವಿಡಿಯೊ ಶಿವಣ್ಣನಿಗೆ ತೋರಿಸಲೇ ಎಂದು ಎರಡು ಸಲ ಅವನ ಬಾಗಿಲವರೆಗೂ ಹೋದ. ಅವಳು ಮುಚ್ಚಿಟ್ಟುಕೊಂಡದ್ದನ್ನು ಮತ್ತೆ ತಾನು ಬಿಚ್ಚುವುದೇ ಎನಿಸಿ ತಿರುಗಿ ಬಂದ. ತನ್ನ ವಿಡಿಯೊಗಳನ್ನೆಲ್ಲ ತೆಗೆದುಹಾಕಿದ, ಹೊಸದು ಮಾಡಲಿಲ್ಲ.

ಸುಗ್ಗಿ ಕಳೆದು ಮಳೆಗಾಲ ಬಂತು. ಒಂದು ಮಧ್ಯಾಹ್ನ ವೈಫೈ ನೋಡಲೆಂದು ಹೊಂಬಾಳಮ್ಮನ ಮನೆಗೆ ಹೋದ ಮಹದೇವುವಿಗೆ ಟಿವಿಯ ಮೇಲೆ ಬಟ್ಟೆ ಹೊದಿಸಿರುವುದು ಕಂಡಿತು. ಹಾಕಿ ನೋಡಿದರೆ ಚಿತ್ರವಿಲ್ಲ. ಗಾಳಿಗೆ ಜಾಯಿಂಟು ಬಿಟ್ಟುಹೋಗಿ ಐದು ದಿನವಾಗಿದೆ ಎಂದಳು ಸೊಸೆ, ಕಿವಿಯಲ್ಲಿದ್ದುದನ್ನು ತೆಗೆದು.

"ಯಾಕ್ ದೊಡ್ಡವ್ವ ಯೋಳಿ ಕಳಿಸ್ನಿಲ್ಲ?" ಎಂದು ಕೇಳಿದ.

ನಡುಮನೆಯ ಕಂಬಕ್ಕೊರಗಿ ಕೂತಿದ್ದ ಹೊಂಬಾಳಮ್ಮ ಮೊದಲು ಅವನ ಕೈ ನೋಡಿದಳು, ಆಮೇಲೆ ಅಂಗಿಯ ಜೇಬು. ಮೊಬೈಲು ಎಲ್ಲಿದೆ ಎಂದು ತಿಳಿದುಕೊಂಡ ಮೇಲೆ ಮಾತಾಡಿದಳು.

"ಇರ್ಲಿ ಬುಡಪ್ಪ ಮಾದೇವಪ್ಪ. ನಿಂಗೂ ಕೆಲ್ಸ ಇರ್ತದೆ."

ಇಪ್ಪತ್ತೈದು ವರ್ಷದಲ್ಲಿ ಅವಳು ಅವನನ್ನು ಒಮ್ಮೆಯೂ ಮಾದೇವಪ್ಪ ಎಂದಿರಲಿಲ್ಲ. ಮಹದೇವು ತಾರಸಿಗೆ ಹೋಗಿ ಜಾಯಿಂಟು ಹಾಕಿದ. ಎರಡು ನಿಮಿಷದ ಕೆಲಸ. ಕೆಳಗೆ ಧಾರಾವಾಹಿಯ ಮರುಪ್ರಸಾರದ ದನಿ ಕೇಳಿಸಿತು. ಬಂತು ಎಂದು ಯಾರೂ ಕೂಗಲಿಲ್ಲ. ಕೆಳಗಿಳಿದು ಅವಳ ಮುಂದೆ ಹಾದುಹೋಗಬೇಕಲ್ಲ ಎಂದು, ಅವನು ಹಾಕಿದ್ದ ಜಾಯಿಂಟನ್ನೇ ಬಿಚ್ಚಿ ಮತ್ತೊಮ್ಮೆ ಸುತ್ತುತ್ತ ಬಹಳ ಹೊತ್ತು ಅಲ್ಲೇ ಕೂತಿದ್ದ.