ಗೋಬರ್ ಗ್ಯಾಸಿಗೆ ಹೆಪ್ಪು

ಅತ್ತೆಯವರ ಕಣ್ಣಿನ ಪೊರೆ ತೆಗೆಸಿ ಆದವಾನಿಯ ಮನೆಗೆ ಕರೆತಂದ ದಿನವೇ ನಾನು ಆ ಎಡವಟ್ಟು ಮಾಡಿದ್ದು. ಒಂದು ಕಣ್ಣು ಮೊದಲೇ ಹೋಗಿತ್ತು, ಉಳಿದದ್ದು ಪಟ್ಟಿ ಕಟ್ಟಿದ ಈ ಒಂದೇ. ನೊಣ ಕೂತು ಕೀವಾದೀತೆಂದು ಹೆದರಿ, ಎರಡು ಬಾಟಲಿ ಫಿನಾಯಿಲ್ ಸುರಿದು ಕೊಟ್ಟಿಗೆ ತೊಳೆದೆ. ಆ ನೀರಲ್ಲೇ ಸಗಣಿ ಕದಡಿ ಹಿತ್ತಲಿನ ಗೋಬರ್ ಗ್ಯಾಸಿನ ಗುಂಡಿಗೆ ಬಿಡುವುದು ನಮ್ಮ ರೂಢಿ. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದಂತಾಯಿತು.

ಕೆಲವೇ ದಿನಗಳಲ್ಲಿ ಒಲೆ ನಂದಿತು. ಗುಂಡಿ ಕಟ್ಟಿಸಿದ ಇಂಜಿನಿಯರು ಸಾರಿ ಹೇಳಿದ್ದರು, ಒಳಗೆ ಕಣ್ಣಿಗೆ ಕಾಣದ ಜೀವಾಣುಗಳಿವೆ, ಸಗಣಿ ತಿಂದು ಗ್ಯಾಸು ಬಿಡುವುದು ಅವೇ ಎಂದು. ಅವನ್ನು ನಾನೇ ಕೊಂದಿದ್ದೆ. ಅತ್ತೆಗೆ ಹೇಳಲು ಧೈರ್ಯವಾಗಲಿಲ್ಲ.

ಮಡಿ ಅಡುಗೆಗೆ ಸೀಮೆಎಣ್ಣೆ ಸ್ಟೌ ನಡೆಯದು. ಮತ್ತೆ ಕಟ್ಟಿಗೆ ಒಲೆ ಹೂಡಿದೆ. ಹೊಗೆ ತಾಕಿದರೆ ಕಣ್ಣು ಹೋದೀತೆಂದು ಡಾಕ್ಟರು ಎಚ್ಚರಿಸಿದ್ದರು. ನಡುಮನೆಯಲ್ಲಿ ಅತ್ತೆ ಕೆಮ್ಮಿದಾಗಲೆಲ್ಲ ನನ್ನ ಜೀವ ಬಾಯಿಗೆ ಬರುತ್ತಿತ್ತು.

ನಮಗೆ ಮೇವು ತರುತ್ತಿದ್ದ ಆಸ್ಪರಿ ಕಡೆಯ ರೈತನ ಮನೆಯಲ್ಲೂ ಇಂಥದೇ ಗುಂಡಿಯಿತ್ತು. ಅವನ ಹತ್ತಿರ ಗುಟ್ಟು ಬಿಚ್ಚಿದೆ.

"ಹಾಲಿಗೆ ಹೆಪ್ಪು ಹಾಕಿದಂಗ ಐತ್ರೀ ಅಮ್ಮಾ. ಅರ್ಧ ಗುಂಡಿ ಖಾಲಿ ಮಾಡಸ್ರಿ, ನಮ್ಮ ಗುಂಡಿ ಬಗ್ಗಡ ತರ್ತೀನಿ," ಎಂದ.

ಅವನ ಗಾಡಿ ಡ್ರಮ್ಮುಗಳ ಸಮೇತ ಹಿತ್ತಲ ಬಾಗಿಲಿಗೆ ಬಂದು ನಿಂತಿತು. ಮೊಸರಿನ ಹೆಪ್ಪನ್ನೂ ಪರರ ಮನೆಯಿಂದ ತರದ ಮನೆ ನಮ್ಮದು. ಒಳಗಿನಿಂದ ಅತ್ತೆ ಕರೆದರು.

"ಪಟ್ಟಿ ಕಟ್ಟಿದ್ದು ಕಣ್ಣಿಗೆ, ಮೂಗಿಗಲ್ಲ. ಫಿನಾಯಿಲ್ ವಾಸನಿ ನನಗ ಅವತ್ತೇ ಬಂದಿತ್ತು."

ನಾಚಿಕೆಯಿಂದ ನಾನು ಭೂಮಿಗಿಳಿದೆ. ಅವರು ಡ್ರಮ್ಮುಗಳ ಸದ್ದಿನ ಕಡೆ ಮುಖ ತಿರುಗಿಸಿದರು.

"ಹಾಕಸು. ಮೊಸರಿನ ಮಾತು ಬ್ಯಾರೆ."

ಆಮೇಲೆ ದಿನಾ ಬೆಳಿಗ್ಗೆ ಕಡ್ಡಿ ಗೀರಿದ್ದೇ ಗೀರಿದ್ದು. ಮೊದಲು ಬರುವ ಗ್ಯಾಸು ಹತ್ತುವುದಿಲ್ಲ, ಬುಸ್ಸೆಂದು ಕಡ್ಡಿಯನ್ನೇ ಆರಿಸುತ್ತಿತ್ತು. ಅಷ್ಟರಲ್ಲಿ ಡಾಕ್ಟರು ಪಟ್ಟಿ ಬಿಚ್ಚಿದರು. ಎಲ್ಲಾ ಮಂಜು ಮಂಜು ಎಂದರು ಅತ್ತೆ. ಅದು ಹೊಗೆಯಿಂದಲೋ ಏನೋ, ಕೇಳಲು ನನಗೆ ಭಯ.

ಮೂರು ವಾರ ಕಳೆದ ಮೇಲೆ ಒಂದು ಮಧ್ಯಾಹ್ನ ಒಲೆ ಹತ್ತಿ ಕೈಗೆ ಬಿಸಿ ತಾಗಿತು. ಕೂಗಿ ಕರೆದೆ. ಅತ್ತೆ ಗೋಡೆ ಹಿಡಿದು ಬಂದು ಬಗ್ಗಿದರು.

"ಉರಿ ಎಲ್ಲೈತಿ? ನನಗ ಕಾಣವಲ್ದು."

ಕಣ್ಣು ಹೋಯಿತು, ನಾನೇ ಕಳೆದೆ ಎಂದುಕೊಂಡೆ. ಒಲೆಯತ್ತ ತಿರುಗಿದರೆ, ಕಿಟಕಿಯ ಬಿಸಿಲಲ್ಲಿ ಉರಿ ನನಗೂ ಕಾಣುತ್ತಿರಲಿಲ್ಲ. ಓಡಿಹೋಗಿ ಕಿಟಕಿ ಮುಚ್ಚಿದೆ, ಬಾಗಿಲು ಮುಚ್ಚಿದೆ.

ಕತ್ತಲಲ್ಲಿ ಅತ್ತೆ ಬಹಳ ಹೊತ್ತು ಬಗ್ಗಿಯೇ ಇದ್ದರು.

"ನೀಲಿ ಐತಿ," ಎಂದರು.