ಅತ್ತೆಯ ಟೀ, ಅಮ್ಮನ ಟೀ

ಕುದಿಯುವ ನೀರು ಟೀಸೊಪ್ಪಿನ ಮೇಲೆ ಬಿದ್ದ ಕೂಡಲೇ ಒಂದು ವಾಸನೆ ಏಳುತ್ತದೆ. ಹಾಲು ಬೆರೆಸಿದ ಮೇಲೆ ಅದು ಇರುವುದಿಲ್ಲ. ಈಗಲೂ ಯಾರ ಮನೆಯಲ್ಲಾದರೂ ಅದು ಮೂಗಿಗೆ ಬಿದ್ದರೆ ಸಾಕು, ನಾನು ಯಶವಂತಪುರದ ಸ್ಟೇಷನ್ನಿನ ಹಿಂದಿದ್ದ ನಮ್ಮ ಹೆಂಚಿನ ಮನೆಯ ಅಡುಗೆಮನೆಯಲ್ಲಿ ಮಣೆ ಹಾಕಿಕೊಂಡು ಕೂತ ಹುಡುಗಿಯಾಗಿಬಿಡುತ್ತೇನೆ. ಗೂಡ್ಸ್ ಗಾಡಿ ಹಾದುಹೋಗುವಾಗ ಗೂಡಿನಲ್ಲಿದ್ದ ಪಾತ್ರೆಗಳು ಸಣ್ಣಗೆ ನಡುಗುತ್ತಿದ್ದವು. ಒಲೆಯ ಮುಂದೆ ಅತ್ತೆ, ಬಾಗಿಲ ಬಳಿ ಅಮ್ಮ. ನಿಮ್ಮಲ್ಲೂ ಕೆಲವರಿಗೆ ಇಂಥದೊಂದು ಅಡುಗೆಮನೆ ಇದ್ದಿರಬೇಕು. ಗೋಡೆಗಳು ಹೋಗಿ ವಾಸನೆಯಷ್ಟೇ ಉಳಿದಿರಬೇಕು.

ಅತ್ತೆ ಅಂದರೆ ಅಪ್ಪನ ಅಕ್ಕ. ತಾಯಿಯಿಲ್ಲದ ತಮ್ಮನನ್ನು ಗುಂತಕಲ್ಲಿನ ರೈಲ್ವೆ ಕ್ವಾರ್ಟರ್ಸಿನಲ್ಲಿ ಇಟ್ಟುಕೊಂಡು ಸಾಕಿ, ಓದಿಸಿದವಳು. ಮಕ್ಕಳಿರಲಿಲ್ಲ. ಗಂಡ ತೀರಿಕೊಂಡ ಮೇಲೆ ಒಂದು ಟ್ರಂಕು ಮತ್ತು ಸೀರೆಯಲ್ಲಿ ಸುತ್ತಿದ ಬಿಳಿ ಪಿಂಗಾಣಿ ಟೀಪಾಟು ಹಿಡಿದುಕೊಂಡು ನಮ್ಮ ಮನೆಗೆ ಬಂದಳು. ಸುತ್ತಲಿನ ಮನೆಗಳಲ್ಲೆಲ್ಲ ಕಾಫಿ. ಅಮ್ಮನ ತವರಿನಲ್ಲೂ ಕಾಫಿಬೀಜ ಹುರಿಯುವ ಹೊಗೆಯಲ್ಲೇ ಬೆಳಗಾಗುತ್ತಿತ್ತು. ಅಪ್ಪ ಮಾತ್ರ ಕಾಫಿ ಮುಟ್ಟುತ್ತಿರಲಿಲ್ಲ. ಜಾಲಹಳ್ಳಿಯ ಕಾರ್ಖಾನೆಯಿಂದ ಸೈಕಲ್ ತುಳಿದುಕೊಂಡು ಬಂದವನಿಗೆ ಅಕ್ಕನ ಕೈಯ ಟೀಯೇ ಆಗಬೇಕು. ಅಮ್ಮ ಮಾಡಿದ ಹುಳಿ, ಅಮ್ಮ ಒಗ್ಗರಣೆ ಹಾಕಿದ ಅವರೇಕಾಳು, ಎಲ್ಲವನ್ನೂ ಮಾತಿಲ್ಲದೆ ಉಣ್ಣುತ್ತಿದ್ದ ಮನುಷ್ಯ ಆ ಒಂದು ಲೋಟದ ಮುಂದೆ ಕಣ್ಣು ಮುಚ್ಚಿಕೊಂಡು 'ಹಾ' ಅನ್ನುತ್ತಿದ್ದ. ಆ 'ಹಾ' ಕೇಳಿಸಿದಾಗ ಅಮ್ಮನ ಕೈಯಲ್ಲಿದ್ದ ಪಾತ್ರೆ ಸ್ವಲ್ಪ ಜೋರಾಗಿಯೇ ನೆಲಕ್ಕೆ ತಾಕುತ್ತಿತ್ತು.

ಅತ್ತೆ ಮೊದಲು ಟೀಪಾಟಿಗೆ ಬಿಸಿನೀರು ಹಾಕಿ, ತೊಳಸಿ ಚೆಲ್ಲುವಳು. ಆಮೇಲೆ ಸೊಪ್ಪು. ನೀರು ಗಳಗಳ ಅನ್ನುತ್ತಿರುವಾಗಲೇ ಹೊಯ್ದು, ಮುಚ್ಚಳ ಹಾಕಿ, ಹಳೆ ಶಾಲಿನ ತುಂಡು ಸುತ್ತಿಡುವಳು. ಸರಿಯಾಗಿ ಆ ಹೊತ್ತಿಗೇ, "ಲಲಿತಾ, ಬಾಗಿಲಲ್ಲಿ ಯಾರೋ ಬಂದಂಗಾಯ್ತು, ನೋಡು" ಅನ್ನುವಳು. ಬಾಗಿಲಲ್ಲಿ ಯಾರೂ ಇರುತ್ತಿರಲಿಲ್ಲ. ಅಮ್ಮ ವಾಪಸು ಬರುವಷ್ಟರಲ್ಲಿ ಟೀ ಲೋಟಕ್ಕೆ ಬಂದಿರುತ್ತಿತ್ತು. ಇಬ್ಬರಿಗೂ ನಾನು ಬೇಕಾಗಿದ್ದೆ. ಅತ್ತೆ ಬಸಿಯಲ್ಲಿ ಆರಿಸಿದ ಮೊದಲ ಗುಟುಕು ನನಗೆ ಕೊಟ್ಟು, "ನಿಮ್ಮಮ್ಮ ಏನಾದ್ರೂ ಅಂದ್ಲಾ?" ಎಂದು ಕೇಳುವಳು. ಅಮ್ಮ ಜಡೆ ಹಾಕುತ್ತ, "ನಾನು ಆಚೆ ಹೋದಾಗ ಏನು ಮಾಡಿದ್ರೇ ಪದ್ದು?" ಅನ್ನುವಳು. ನಾನು ಅವಳಿಗೂ ಹೇಳುತ್ತಿದ್ದೆ, ಇವಳಿಗೂ ಹೇಳುತ್ತಿದ್ದೆ. ಇಬ್ಬರ ಮಡಿಲೂ ನನ್ನದೇ.

ಒಂದು ಬೇಸಿಗೆಯಲ್ಲಿ ಅತ್ತೆ ಗಂಡನ ಕಡೆಯ ಮದುವೆಗೆಂದು ಗುಂತಕಲ್ಲಿಗೆ ಹೋದಳು. ರೈಲು ಕದಲಿದ ಮಧ್ಯಾಹ್ನವೇ ಅಮ್ಮ ಟೀಪಾಟು ಕೆಳಗಿಳಿಸಿದಳು. ಮೊದಲ ಟೀ ಕಹಿ. ಮರುದಿನದ್ದು ನೀರು. ಅಪ್ಪ "ಚೆನ್ನಾಗಿದೆ" ಎಂದು ಅರ್ಧ ಬಿಟ್ಟು ಎದ್ದ. ಅಮ್ಮ ಉಳಿದರ್ಧವನ್ನು ಹಿತ್ತಲ ಕರಿಬೇವಿನ ಬುಡಕ್ಕೆ ಸುರಿದು ನನ್ನನ್ನು ಕೂರಿಸಿಕೊಂಡಳು. "ನೆನಪು ಮಾಡ್ಕೊಳೇ. ಮುಚ್ಚಳ ಹಾಕಿದ ಮೇಲೆ ಸುಮ್ನೆ ಕೂತಿರ್ತಾರಾ?" ಆಗ ನನಗೆ ಹೊಳೆಯಿತು. ಅತ್ತೆ ಕಣ್ಣು ಮುಚ್ಚಿ ರಾಮನ ಶ್ಲೋಕ ಹೇಳಿಕೊಳ್ಳುತ್ತಿದ್ದಳು. ಅದು ಮುಗಿದಾಗಲೇ ಸೋಸುತ್ತಿದ್ದಳು. ಅಮ್ಮನೂ ಹೇಳಿದಳು, ಅತ್ತೆಯದೇ ನಿಧಾನದಲ್ಲಿ, ಅತ್ತೆಯದೇ ರಾಗದಲ್ಲಿ. ಆ ಸಂಜೆ ಅಪ್ಪ ನಡುಮನೆಯಲ್ಲಿ ಒಂದು ಗುಟುಕು ಕುಡಿದು, ಕಣ್ಣು ಮುಚ್ಚಿ 'ಹಾ' ಅಂದ. ಅಡುಗೆಮನೆಯಲ್ಲಿ ಅಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನನ್ನತ್ತ ನೋಡಿ ನಕ್ಕಳು. ಅಷ್ಟರಲ್ಲಿ ಅಪ್ಪ ಕೂಗಿದ: "ಅಕ್ಕ ಯಾವಾಗ ಬಂದ್ಲು?"

ಅಮ್ಮನ ನಗು ಅಲ್ಲೇ ಇಂಗಿತು. ಹಾಗೆ ಬಾಡಿದ ಮುಖವನ್ನು ನಾನು ಮತ್ತೆ ನೋಡಿದ್ದು ಅತ್ತೆಯಲ್ಲಿ, ಅವಳು ಊರಿಂದ ಬಂದ ದಿನ. ಅಪ್ಪ ಇಬ್ಬರನ್ನೂ ಹೊಗಳಿದೆನೆಂದುಕೊಂಡು, "ಲಲಿತಾನೂ ಥೇಟ್ ನಿನ್ನ ಹಾಗೇ ಮಾಡ್ತಾಳೆ ಕಣಕ್ಕ, ಗೊತ್ತೇ ಆಗಲ್ಲ" ಅಂದುಬಿಟ್ಟ. ಅತ್ತೆ ಹಿತ್ತಲಿಗೆ ಹೋಗಿ ಒಗೆಯುವ ಕಲ್ಲಿನ ಮೇಲೆ ಕೂತಳು. ನಾನು ಹಿಂದೆಯೇ ಹೋದೆ. "ಗಂಡ, ಮಗಳು, ಮನೆ ಎಲ್ಲಾ ಅವಳಿಗಿದೆ ಕಣೇ ಪದ್ದು. ನನಗಿದ್ದದ್ದು ಅದೊಂದು" ಅಂದಳು. ಆ ಮಾತನ್ನು ನಾನು ಅಮ್ಮನಿಗೆ ಒಪ್ಪಿಸಿದೆ. ಅಮ್ಮ ಬಹಳ ಹೊತ್ತು ಅಕ್ಕಿ ಆರಿಸುತ್ತಲೇ ಇದ್ದಳು.

ಆಮೇಲೆ ಸಂಜೆಯ ಟೀ ಹೊತ್ತಿಗೆ ಅಮ್ಮ ಅಡುಗೆಮನೆಗೆ ಹೋಗುವುದನ್ನೇ ಬಿಟ್ಟಳು. ಹಾಗೆಂದು ಸೋತಳು ಎಂದುಕೊಳ್ಳಬೇಡಿ. ಬೆಳಗಿನ ಟೀ ತನ್ನದು ಮಾಡಿಕೊಂಡಳು, ಶುಂಠಿ ಜಜ್ಜಿ ಹಾಕಿ. ಅತ್ತೆ ಆ ವಾಸನೆಗೆ ಮೂಗು ಮುರಿದು, "ಇದೇನು ಟೀಯೋ, ಕಷಾಯವೋ?" ಎಂದು ನನ್ನ ಕಿವಿಯಲ್ಲಿ ಹೇಳುತ್ತಿದ್ದಳು. ಅಪ್ಪ ಎರಡನ್ನೂ ಪೂರ್ತಿ ಕುಡಿಯುತ್ತಿದ್ದ. ಆದರೆ 'ಹಾ' ಅನ್ನುವುದನ್ನು ನಿಲ್ಲಿಸಿದ್ದ. ನಮ್ಮ ಮನೆ ಹೀಗೆ ವರ್ಷಗಟ್ಟಲೆ ನಡೆಯಿತು.

ನಾನು ಹೈಸ್ಕೂಲಿನಲ್ಲಿದ್ದಾಗ ಅಪ್ಪ ಎದೆನೋವೆಂದು ಮಲಗಿದವನು ಏಳಲಿಲ್ಲ. ಕರ್ಮಾಂತರವೆಲ್ಲ ಮುಗಿದು ನೆಂಟರು ಹೊರಟುಹೋದ ಮೇಲಿನ ಸಂಜೆ, ಟೀ ಹೊತ್ತಾದರೂ ಇಬ್ಬರೂ ಗೋಡೆಗೊರಗಿ ಕೂತೇ ಇದ್ದರು. ಕೊನೆಗೆ ಅಮ್ಮ ಎದ್ದಳು. "ನೀವು ಕೂತ್ಕೊಳ್ಳಿ ಅತ್ತಿಗೆ, ನಾನು ಮಾಡ್ತೀನಿ." ಅತ್ತೆಯೂ ಮಂಡಿ ಹಿಡಿದುಕೊಂಡು ಎದ್ದಳು. "ನೀರಿಡು ನೀನು. ಸೊಪ್ಪು ನಾನು ಹಾಕ್ತೀನಿ."

ಅಂದಿನಿಂದ ಸಂಜೆಗಳೆಲ್ಲ ಅವರಿಬ್ಬರದೇ. ಅತ್ತೆ ಅಪ್ಪನ ಹುಡುಗಾಟಗಳನ್ನು ಹೇಳುವಳು. ಅಮ್ಮ ಮದುವೆಯಾದ ಹೊಸತರ ಅಪ್ಪನನ್ನು ಹೇಳುವಳು. ಒಬ್ಬಳಲ್ಲಿದ್ದದ್ದು ಇನ್ನೊಬ್ಬಳಲ್ಲಿರಲಿಲ್ಲ. ನಾನು ಸ್ಕೂಲಿನಿಂದ ಬಂದು ಹೊಸ್ತಿಲಲ್ಲಿ ನಿಂತರೆ ಮಾತು ನಿಲ್ಲುತ್ತಿತ್ತು. "ಕೈಕಾಲು ತೊಳ್ಕೊಂಡು ಬಾ ಪದ್ದು, ನಿಂದು ಮುಚ್ಚಿಟ್ಟಿದೀನಿ" ಎಂದು ಯಾರಾದರೊಬ್ಬರು ಹೇಳುತ್ತಿದ್ದರು. ಯಾರೂ ನನ್ನನ್ನು ಏನೂ ಕೇಳುತ್ತಿರಲಿಲ್ಲ. ಕೇಳುವುದಕ್ಕೆ ಏನೂ ಉಳಿದಿರಲಿಲ್ಲ.

ಒಂದು ಸಂಜೆ ನಾನು ಲೋಟ ತೆಗೆದುಕೊಂಡು ಜಗಲಿಗೆ ಬಂದು ಕೂತಿದ್ದೆ. ಒಳಗೆ ಅತ್ತೆ ಏನೋ ಪಿಸುಗುಟ್ಟಿದಳು. ಅಪ್ಪ ಹೋದಮೇಲೆ ಮೊದಲ ಸಲ ಅಮ್ಮ ನಕ್ಕಳು, ಅತ್ತೆಯೂ ನಕ್ಕಳು, ಇಬ್ಬರಿಗೂ ಉಸಿರು ಸಿಕ್ಕಿಕೊಳ್ಳುವಷ್ಟು. ನನಗೆ ಸಂತೋಷವಾಗಬೇಕಿತ್ತು. ಲೋಟದಲ್ಲಿ ಉಳಿದಿದ್ದ ಟೀಯನ್ನು ಅಂಗಳಕ್ಕೆ ಚೆಲ್ಲಿಬಿಟ್ಟೆ. ಅವರು ಹೇಳಿಕೊಂಡದ್ದು ಅಪ್ಪನ ಯಾವ ಮಾತೋ, ಯಾವ ಪೆದ್ದುತನವೋ, ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಈಗ ಇಬ್ಬರೂ ಇಲ್ಲ. ಅಷ್ಟು ಅಪ್ಪ ನನಗೆ ಸಿಗದೆಯೇ ಹೋದ.