ಕಂಪ್ಯೂಟರಿನಲ್ಲಿ ಅಮ್ಮನ ಹೆಸರು

ಕಾರ್ಕಳದಲ್ಲಿ ಟೈಪಿಂಗ್ ಕಲಿತವರಿಗೆಲ್ಲ ಜೆರ್ಟ್ರೂಡ್ ಬಾಯಿ ಗೊತ್ತು. ಕಂಪ್ಯೂಟರ್ ಬಂದು ಅವರ ಟೈಪಿಂಗ್ ಶಾಲೆಗೆ ಬೀಗ ಬಿತ್ತು. 2003ರಲ್ಲಿ ಅದೇ ಕಂಪ್ಯೂಟರ್ ನಮ್ಮ ಕ್ರೈಸ್ತರ ಇಗರ್ಜಿಯ ಆಫೀಸಿಗೂ ಬಂತು. ಹಳೆಯ ಜ್ಞಾನಸ್ನಾನದ ಪುಸ್ತಕಗಳನ್ನು ಅದಕ್ಕೆ ತುಂಬಿಸಿದರೆ ಯಾರು ಬೇಕಾದರೂ ತಮ್ಮ ಅಜ್ಜ, ಮುತ್ತಜ್ಜರನ್ನು ಹುಡುಕಬಹುದು ಎಂದು ಪಾದ್ರಿಗಳು ಹೇಳಿದಾಗ, ಆ ಬಿಟ್ಟಿ ಕೆಲಸಕ್ಕೆ ಮೊದಲು ಕೈ ಎತ್ತಿದವರು ಅವರೇ. ಗೆದ್ದಲು ತಿಂದ ಹಾಳೆಗಳನ್ನು ನಾನು ಓದುವುದು, ಅವರು ಕುಟ್ಟುವುದು. ಮದುವೆಯಾಗದ ಹೆಂಗಸಿಗೆ ಬೇರೆ ಎಂತ ಕೆಲಸ ಎಂದು ಊರವರು ಆಡಿಕೊಂಡರು. ಆಡಿಕೊಂಡವರಲ್ಲಿ ಒಬ್ಬರೂ ಒಂದು ಪುಟ ಓದಿಕೊಡಲಿಲ್ಲ.

ಒಂದು ದಿನ ಬಾಯಿಯ ಅಮ್ಮನ ಸಾಲೇ ಬಂತು. ಎರ್ಮಾಳಿನ ಮೀನುಗಾರ ಅಂಗಾರನ ಮಗಳು ಸುಂದರಿ, ಮದುವೆಗೆ ಮುಂಚೆ ಜ್ಞಾನಸ್ನಾನ ಪಡೆದು ಸೆರಾಫಿನಾ ಆದವರು. "ಅಮ್ಮ ಇನ್ನು ಕಳೆದುಹೋಗುವುದಿಲ್ಲ" ಎಂದರು ಬಾಯಿ.

ವಲೇರಿಯನ್ ಬಂದದ್ದು ಆಮೇಲೆ. ಮಣಿಪಾಲದಲ್ಲಿ ಕೆಲಸಕ್ಕಿದ್ದ ಅವರ ಮಗ ಜೋಕಿಮ್‌ಗೆ ಬಾಯಿಯ ತಂಗಿಯ ಮಗಳು ಬೇಬಿಯನ್ನು ಕೇಳಿದ್ದರು. ಅಜ್ಜನ ಹೆಸರು ಹುಡುಕಬೇಕಿತ್ತು ಅಂದರು. ಬೀಗರಾಗುವವರಲ್ಲವೇ, ಬಾಯಿ ಕುರ್ಚಿ ಎಳೆದುಕೊಟ್ಟರು, ಹುಡುಕುವುದನ್ನು ಕಲಿಸಿದರು, ಕೊನೆಗೆ ಹೆಮ್ಮೆ ತಡೆಯಲಾರದೆ, "ಇದು ನೋಡಿ, ನಮ್ಮ ಅಮ್ಮ" ಎಂದು ತೋರಿಸಿದರು.

ವಲೇರಿಯನ್ ಕನ್ನಡಕ ಸರಿಮಾಡಿಕೊಂಡು ಓದಿದರು. "ಓ, ಮೀನುಗಾರರ ಕಡೆಯವರಾ? ಗೊತ್ತಿರಲಿಲ್ಲ."

ಮರುವಾರ ಸಂಬಂಧ ಮುರಿಯಿತು. ಪೂಜೆಗೆ ನಿಂತಾಗ ನಾವೆಲ್ಲ ಒಂದೇ. ಮದುವೆಯ ಮಾತಿಗೆ ಕೂತಾಗ ಮಾತ್ರ, ಯಾವುದೋ ಕಾಲದಲ್ಲಿ ಬ್ರಾಹ್ಮಣರಾಗಿದ್ದೆವೆಂಬ ಜಂಬ ಪೆಟ್ಟಿಗೆಯಿಂದ ಹೊರಗೆ ಬರುತ್ತದೆ. ಥೂ! ಇದಕ್ಕಾ ನಾವು ಕಣ್ಣು ಹಾಳುಮಾಡಿಕೊಂಡದ್ದು?

ಬೇಬಿ ಅಳುತ್ತಾ ಆಫೀಸಿಗೇ ಬಂದಳು. "ಆ ಸಾಲು ತೆಗೀರಿ ಮಾವ್ಶಿ. ನಾಳೆ ಇನ್ನೊಬ್ಬರು ಬಂದು ಅದನ್ನೇ ನೋಡ್ತಾರೆ. ನನಗೂ ಒಂದು ಜೀವನ ಉಂಟಲ್ವಾ?"

ಬಾಯಿ ಕಂಪ್ಯೂಟರಿನಿಂದ ಅಮ್ಮನ ಹೆಸರನ್ನು ಅಳಿಸಿದರು. ಪುಸ್ತಕ ಕಪಾಟಿನಲ್ಲೇ ಇತ್ತು, ಆದರೆ ಅದನ್ನು ಬಿಚ್ಚಿ ನೋಡುವವರು ಈಗ ಯಾರಿದ್ದಾರೆ.

ಬೇಬಿಗೆ ಬೇರೆ ಸಂಬಂಧ ಕೂಡಿಬಂತು. ಹುಡುಗನ ಮನೆಯವರು ಭಾನುವಾರ ಬರುವವರಿದ್ದರು. ಅದೇ ವಾರ ಎರ್ಮಾಳಿನಿಂದ ಯೋಗೀಶ್ ಎಂಬ ಬೋಟಿನ ಕೆಲಸದ ಯುವಕ ಬಂದ.

"ನಮ್ಮ ಅಜ್ಜನ ಅಕ್ಕ, ಸುಂದರಿ ಅಂತ. ಅಂಗಾರನ ಮಗಳು. ನಿಮ್ಮ ಇಗರ್ಜಿಯವರೊಬ್ಬರನ್ನು ಮದುವೆಯಾಗಿ ಈ ಕಡೆ ಬಂದವರಂತೆ. ಅಜ್ಜ ಹಾಸಿಗೆ ಹಿಡಿದಿದ್ದಾರೆ, ಅಕ್ಕನ ಮಕ್ಕಳನ್ನಾದರೂ ಒಮ್ಮೆ ನೋಡಬೇಕು ಅಂತಾರೆ. ಇಲ್ಲಿ ಹುಡುಕಿದರೆ ಸಿಗ್ತದಂತಲ್ಲ?"

ಇಷ್ಟು ವರ್ಷಗಳಲ್ಲಿ ತನ್ನವರು ಬೇಕೆಂದು ಹುಡುಕಿಕೊಂಡು ಬಂದವನು ಅವನೊಬ್ಬನೇ. ಬಾಯಿ ಹೆಸರು ಕುಟ್ಟಿದರು. ಏನೂ ಬರಲಿಲ್ಲ. ಅವನ ಮೂಗೂ ಜೆರ್ಟ್ರೂಡ್ ಬಾಯಿಯ ಮೂಗೂ ಒಂದೇ ಅಚ್ಚು. ನಾನು ಏನೋ ಹೇಳಹೊರಟಾಗ ಅವರು ಮೇಜಿನ ಕೆಳಗೆ ನನ್ನ ಕೈ ಹಿಡಿದರು.

"ಇಲ್ಲ ಮಗಾ. ಆ ಹೆಸರಿನವರು ಇಲ್ಲಿ ಯಾರೂ ಇಲ್ಲ."

ಯೋಗೀಶ್ ಎದ್ದು, ಚೀಲದಿಂದ ಒಂದು ಪೊಟ್ಟಣ ತೆಗೆದ. "ಒಣಮೀನು. ಅವರ ಮನೆಯವರು ಸಿಕ್ಕಿದರೆ ಕೊಡುವ ಅಂತ ಅಜ್ಜ ಕಳಿಸಿದ್ದು. ಪುನಃ ಹೊತ್ತುಕೊಂಡು ಹೋಗುವುದೆಂತಕ್ಕೆ, ನೀವೇ ಇಟ್ಟುಕೊಳ್ಳಿ ಬಾಯಮ್ಮ."

ಜೆರ್ಟ್ರೂಡ್ ಬಾಯಿ ಎರಡೂ ಕೈ ಚಾಚಿ ತೆಗೆದುಕೊಂಡರು.